ಯಾವ ಬಲ್ಲಾಳ, ಯಾವ ನರಸಿಂಹ? ಹೊಯ್ಸಳರ ಹೆಸರುಗಳನ್ನು ಬಿಡಿಸಿಕೊಳ್ಳುವ ಬಗೆ

ಪ್ರಶ್ನೆ: ಮಗಳ ಶಾಲೆಯ ವಸ್ತುಪ್ರದರ್ಶನಕ್ಕೆ ಹೊಯ್ಸಳರ ವಂಶವೃಕ್ಷ ಮತ್ತು ಆ ಕಾಲದ ಪ್ರಮುಖರ ಪಟ್ಟಿ ತಯಾರಿಸುತ್ತಿದ್ದೇವೆ. ನಾಲ್ಕು ಜನ ಬಲ್ಲಾಳರು, ಮೂವರು ನರಸಿಂಹರು ಬರುತ್ತಾರೆ, ತಲೆ ಕೆಟ್ಟುಹೋಗಿದೆ. ವಿಷ್ಣುವರ್ಧನನ ಆಳ್ವಿಕೆ 1142ಕ್ಕೆ ಮುಗಿಯಿತು ಎಂದು ಒಂದು ಪುಸ್ತಕ, 1152 ಎಂದು ಇನ್ನೊಂದು. ಅವನ ರಾಣಿ ಶಾಂತಲೆ ಶಿವಗಂಗೆ ಬೆಟ್ಟದಿಂದ ಹಾರಿದ್ದು ನಿಜವೇ? ಶಿಲ್ಪಿ ಜಕಣಾಚಾರಿಯನ್ನು ಪಟ್ಟಿಯಲ್ಲಿ ಎಲ್ಲಿ ಸೇರಿಸಬೇಕು? ರಾಜರಾಣಿಯರನ್ನು ಬಿಟ್ಟರೆ ಇನ್ಯಾರ ಹೆಸರು ಬರೆಯಬಹುದು?

ಉತ್ತರ: ಚಿತ್ರ ಬಿಡಿಸುವುದಕ್ಕೆ ಮುಂಚೆ ಸಿಂಹಾಸನದ ಸಾಲನ್ನಷ್ಟೇ ಒಂದು ಹಾಳೆಯಲ್ಲಿ ಮೇಲಿನಿಂದ ಕೆಳಕ್ಕೆ ಬರೆದುಕೊಳ್ಳಿ. ನೃಪಕಾಮ, ಅವನ ಮಗ ವಿನಯಾದಿತ್ಯ, ವಿನಯಾದಿತ್ಯನ ಮಗ ಎರೆಯಂಗ. ಎರೆಯಂಗನಿಗೂ ಏಚಲದೇವಿಗೂ ಮೂವರು ಗಂಡುಮಕ್ಕಳು: ಬಲ್ಲಾಳ, ಬಿಟ್ಟಿದೇವ, ಉದಯಾದಿತ್ಯ. ಹಿರಿಯವನಾದ ಒಂದನೆಯ ಬಲ್ಲಾಳ 1102ರಿಂದ 1108ರವರೆಗೆ ಆಳಿದ. ಅವನ ನಂತರ ಬಂದ ತಮ್ಮ ಬಿಟ್ಟಿದೇವನೇ ವಿಷ್ಣುವರ್ಧನ. ವಿಷ್ಣುವರ್ಧನನ ಮಗ ಒಂದನೆಯ ನರಸಿಂಹ, ಅವನ ಮಗ ಇಮ್ಮಡಿ ಬಲ್ಲಾಳ (1173–1220), ಅವನ ಮಗ ಇಮ್ಮಡಿ ನರಸಿಂಹ (1220–1235), ಅವನ ಮಗ ಸೋಮೇಶ್ವರ. ಸೋಮೇಶ್ವರನ ಕಾಲದಲ್ಲಿ ರಾಜ್ಯ ಎರಡು ಪಾಲಾಯಿತು: ದೋರಸಮುದ್ರದ (ಇಂದಿನ ಹಳೇಬೀಡು) ಕಡೆ ಮುಮ್ಮಡಿ ನರಸಿಂಹ (1254–1291), ತಮಿಳುನಾಡಿನ ಕಣ್ಣನೂರಿನ ಕಡೆ ರಾಮನಾಥ. ಮುಮ್ಮಡಿ ನರಸಿಂಹನ ಮಗ ಮುಮ್ಮಡಿ ಬಲ್ಲಾಳ (1291–1342). ಕೊನೆಯಲ್ಲಿ ಅವನ ಮಗ ವಿರೂಪಾಕ್ಷ, ಅಂದರೆ ನಾಲ್ಕನೆಯ ಬಲ್ಲಾಳ. ಅವನದು ನೆಪಮಾತ್ರದ ಮೂರು-ನಾಲ್ಕು ವರ್ಷ.

ಸಿಂಹಾಸನ ಅಣ್ಣನಿಂದ ತಮ್ಮನಿಗೆ ಹೋಗಿದ್ದು ಒಂದೇ ಕಡೆ, ಬಲ್ಲಾಳನಿಂದ ವಿಷ್ಣುವರ್ಧನನಿಗೆ. ಮಕ್ಕಳು ಬಿಡಿಸಿದ ಪಟಗಳಲ್ಲಿ ಹೆಚ್ಚಾಗಿ ತಪ್ಪುವುದೂ ಇಲ್ಲಿಯೇ; ವಿಷ್ಣುವರ್ಧನನನ್ನು ಬಲ್ಲಾಳನ ಮಗನನ್ನಾಗಿ ಮಾಡಿಬಿಡುತ್ತಾರೆ.

ಸಳನನ್ನು ಎಲ್ಲಿಡುವುದು? ಹುಲಿಯನ್ನು ಇರಿಯುವ ಸಳ, 'ಪೊಯ್ ಸಳ' ಎಂದ ಜೈನಮುನಿ, ಸೊಸೆವೂರಿನ ವಾಸಂತಿಕಾದೇವಿ, ಈ ಕಥೆ ಕಲ್ಲಿನ ಮೇಲೆ ಕಾಣಿಸಿಕೊಳ್ಳುವುದು ವಿಷ್ಣುವರ್ಧನನ ಕಾಲದಿಂದ, ಅಂದರೆ 12ನೆಯ ಶತಮಾನದಲ್ಲಿ. ಸೊಸೆವೂರು ಮಾತ್ರ ನಿಜವಾದ ಊರು, ಇಂದಿನ ಮೂಡಿಗೆರೆ ತಾಲ್ಲೂಕಿನ ಅಂಗಡಿ. ಸಳನನ್ನು ಎಲ್ಲರಿಗಿಂತ ಮೇಲೆ ಬರೆದು ನೃಪಕಾಮನಿಗೆ ಚುಕ್ಕೆಗೆರೆಯಿಂದ ಜೋಡಿಸಿ. ಗಟ್ಟಿಗೆರೆ ಎಳೆದರೆ ತಪ್ಪಾಗುತ್ತದೆ.

ಈಗ ನಿಮ್ಮ ತಲೆ ಕೆಡಿಸಿರುವ ಬಲ್ಲಾಳರ ವಿಷಯ. 'ಇಮ್ಮಡಿ', 'ಮುಮ್ಮಡಿ' ಎಂಬ ಅಂಕಿಗಳು ಇತಿಹಾಸಕಾರರು ಹಾಕಿಕೊಂಡದ್ದು. ಕಲ್ಲಿನಲ್ಲಿ ಇಬ್ಬರೂ 'ವೀರಬಲ್ಲಾಳದೇವ'ರೇ. ಇದರ ಮೇಲೆ ಇನ್ನೊಂದು ತೊಡಕು: ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರಳಿ ಬರುತ್ತವೆ. ಇಮ್ಮಡಿ ಬಲ್ಲಾಳನ ಆಳ್ವಿಕೆಗೆ, 1173–1220ಕ್ಕೆ, 120 ಕೂಡಿಸಿ ನೋಡಿ: 1293–1340. ಮುಮ್ಮಡಿ ಬಲ್ಲಾಳನ ಆಳ್ವಿಕೆಯೊಳಗೆ ಅದು ಅಷ್ಟೂ ಅಡಗಿ ಕೂತಿದೆ. ಎಂದರೆ ಮೊದಲಿನವನ ಆಳ್ವಿಕೆಯ ಪ್ರತಿಯೊಂದು ಸಂವತ್ಸರಕ್ಕೂ ನಂತರದವನ ಆಳ್ವಿಕೆಯಲ್ಲಿ ಒಂದು ಜೋಡಿ ಇದೆ. 1196 ನಳ ಸಂವತ್ಸರ, 1316 ಕೂಡ ನಳ. ಶಕವರ್ಷ ಒಡೆದುಹೋಗಿ 'ನಳ ಸಂವತ್ಸರ, ವೀರಬಲ್ಲಾಳದೇವ' ಎಂದಷ್ಟೇ ಉಳಿದ ಕಲ್ಲು ಸಿಕ್ಕರೆ, 120 ವರ್ಷ ತಪ್ಪುವುದು ಕಣ್ಣುಮುಚ್ಚಿ ತೆರೆಯುವಷ್ಟು ಸುಲಭ. ಊರಿನ ದೇವಸ್ಥಾನದ ಫಲಕಗಳಲ್ಲಿ ಒಂದೇ ಗುಡಿ ಒಮ್ಮೆ 12ನೆಯ ಶತಮಾನದ್ದು, ಒಮ್ಮೆ 14ನೆಯದ್ದು ಆಗುವುದರ ಹಿಂದೆ ಇಂಥ ಲೆಕ್ಕವೂ ಇರಬಹುದು.

ಹಾಗಾದರೆ ಬಿರುದು ನೋಡಿ ಗುರುತಿಸೋಣ ಎನ್ನುವಿರಿ. ಅರ್ಧ ಸರಿ. ತಲಕಾಡನ್ನು ಗೆದ್ದವನು ವಿಷ್ಣುವರ್ಧನ, 1116ರಲ್ಲಿ. 'ತಳಕಾಡುಗೊಂಡ' ಎಂದು ಚಿನ್ನದ ನಾಣ್ಯದ ಮೇಲೂ ಕನ್ನಡದಲ್ಲೇ ಅಚ್ಚು ಹಾಕಿಸಿದ. ಆದರೆ ಅವನ ಮಗ, ಮೊಮ್ಮಗ, ಮರಿಮಗ ಎಲ್ಲರೂ ಶಾಸನಗಳಲ್ಲಿ ತಲಕಾಡುಗೊಂಡರೇ. ಇಮ್ಮಡಿ ಬಲ್ಲಾಳನ 'ಶನಿವಾರಸಿದ್ಧಿ', 'ಗಿರಿದುರ್ಗಮಲ್ಲ'ಗಳೂ ಹಾಗೆಯೇ ಮುಂದಿನವರ ಪಾಲಿಗೆ ಬಂದವು. ಬಿರುದು ಪಿತ್ರಾರ್ಜಿತ ಆಸ್ತಿ ಇದ್ದಂತೆ. ಒಂದು ಬಿರುದು ಕಂಡರೆ 'ಇದಕ್ಕಿಂತ ಮುಂಚಿನದಲ್ಲ' ಎನ್ನಬಹುದು, 'ಇದೇ ರಾಜ' ಎನ್ನಲಾಗದು. ರಾಜನನ್ನು ಖಚಿತಪಡಿಸುವುದು ಜೊತೆಗೆ ಬರುವ ರಾಣಿಯ ಹೆಸರು, ದಂಡನಾಯಕನ ಹೆಸರು, ರಾಜ ಆಗ ಬೀಡುಬಿಟ್ಟಿದ್ದ ಊರು. 'ಉಣ್ಣಾಮಲೆಯ ಪಟ್ಟಣದಲ್ಲಿ ರಾಜ್ಯಂಗೆಯ್ಯುತ್ತ' ಎಂದಿದ್ದರೆ ಅದು ತಿರುವಣ್ಣಾಮಲೈ, ಹಾಗಾಗಿ ಮುಮ್ಮಡಿ ಬಲ್ಲಾಳ. ಅಜ್ಜನ ಅಜ್ಜನಾದ ಇಮ್ಮಡಿ ಬಲ್ಲಾಳನಿಗೆ ಅಲ್ಲಿ ರಾಜಧಾನಿ ಇರಲಿಲ್ಲ.

ಇಸವಿ ಲೆಕ್ಕದ ಕ್ರಮವನ್ನೂ ಹೇಳಿಬಿಡುತ್ತೇನೆ, ಮಗಳೇ ಮಾಡಿ ನೋಡಬಹುದು. ಶಕವರ್ಷಕ್ಕೆ 78 ಕೂಡಿಸಿ. ತಿಥಿ ಪುಷ್ಯದ ನಡುವಿನಿಂದ ಫಾಲ್ಗುಣದೊಳಗೆ ಇದ್ದರೆ 79. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ ಶಕ 1039, ಹೇವಿಳಂಬಿ, ಚೈತ್ರ ಶುದ್ಧ ಪಂಚಮಿ. ಚೈತ್ರವಾದ್ದರಿಂದ 78 ಕೂಡಿಸಿದರೆ 1117. ಇನ್ನು ತಾಳೆ ನೋಡುವುದು ಸಂವತ್ಸರದಿಂದ: ನಮ್ಮ ಕಾಲದಲ್ಲಿ ಹೇವಿಳಂಬಿ ಬಂದದ್ದು 2017ರ ಯುಗಾದಿಗೆ. 2017ರಲ್ಲಿ 900 ಕಳೆದರೆ 1117, ಮತ್ತು 900 ಎಂಬುದು 60ರ ಹದಿನೈದು ಪಟ್ಟು. ತಾಳೆ ಬಿತ್ತು. ಒಂದು ವರ್ಷದ ವ್ಯತ್ಯಾಸ ಬಂದರೆ ಗಾಬರಿ ಬೇಡ; ಶಾಸನ ಬರೆದವರು ಕೆಲವೊಮ್ಮೆ ಮುಗಿದ ಶಕವರ್ಷವನ್ನೂ ಕೆಲವೊಮ್ಮೆ ನಡೆಯುತ್ತಿರುವುದನ್ನೂ ಬರೆಯುತ್ತಿದ್ದರು. ಅಂಥಲ್ಲಿ ಸಂವತ್ಸರದ ಮಾತನ್ನೇ ನಂಬಿ.

ವಿಷ್ಣುವರ್ಧನನ ಕೊನೆಯ ವರ್ಷದ ಜಗಳವನ್ನು ಅರ್ಥ ಮಾಡಿಕೊಳ್ಳಲು ಹಳೇಬೀಡಿನ ಪಾರ್ಶ್ವನಾಥ ಬಸದಿಗೆ ಹೋಗಬೇಕು. ಅದನ್ನು ಕಟ್ಟಿಸಿದವನು ಬೊಪ್ಪ, ತೀರಿಕೊಂಡ ತನ್ನ ತಂದೆ ದಂಡನಾಯಕ ಗಂಗರಾಜನ ನೆನಪಿಗೆ, 1133ರಲ್ಲಿ. ಪ್ರತಿಷ್ಠೆಯ ಪ್ರಸಾದವನ್ನು ಅರ್ಚಕರು ಬಂಕಾಪುರದಲ್ಲಿದ್ದ ರಾಜನಿಗೆ ಒಯ್ದಾಗ ಅವನು ಆಗಷ್ಟೇ ಯುದ್ಧ ಗೆದ್ದಿದ್ದ, ಅದೇ ಹೊತ್ತಿಗೆ ರಾಣಿ ಲಕ್ಷ್ಮೀದೇವಿಗೆ ಗಂಡುಮಗು ಹುಟ್ಟಿತ್ತು. ದೇವರಿಗೆ 'ವಿಜಯಪಾರ್ಶ್ವ', ಮಗುವಿಗೆ 'ವಿಜಯನರಸಿಂಹ' ಎಂದು ಒಟ್ಟಿಗೆ ಹೆಸರಿಟ್ಟ. ನರಸಿಂಹ ಹುಟ್ಟಿದ್ದು 1133ರಲ್ಲಿ ಎಂದಾದರೆ, ತಂದೆ 1142ರಲ್ಲಿ ತೀರಿಕೊಂಡಿದ್ದರೆ ಪಟ್ಟಕ್ಕೆ ಬಂದವನು ಒಂಬತ್ತು ವರ್ಷದ ಹುಡುಗ. 1152 ಎಂದರೆ ಹತ್ತೊಂಬತ್ತರ ಯುವಕ. ಶಾಸನಗಳನ್ನು ಓದಿದ ವಿದ್ವಾಂಸರು ಇದರಲ್ಲಿ ಎರಡು ಪಂಗಡ. ನೀವು ಪಟದಲ್ಲಿ '1108–1152 (ಕೆಲವರ ಪ್ರಕಾರ 1142)' ಎಂದು ಬರೆಯಿರಿ. ಒಂದೇ ಒಂದು ಅಂಕಿ ಬರೆದು ಖಚಿತವೆಂಬಂತೆ ತೋರಿಸುವುದಕ್ಕಿಂತ ಇದು ಪ್ರಾಮಾಣಿಕ.

ಇದೇ ಬಸದಿ ಇನ್ನೊಂದು ಪ್ರಶ್ನೆಗೂ ಉತ್ತರ ಕೊಡುತ್ತದೆ. ರಾಮಾನುಜರ ಪ್ರಭಾವದಿಂದ ಬಿಟ್ಟಿದೇವ ಜೈನಮತ ಬಿಟ್ಟು ವೈಷ್ಣವನಾದ ಎಂಬುದು ಸಂಪ್ರದಾಯದ ಮಾತು. ವಿಷ್ಣುಭಕ್ತಿಗೆ ಬೇಲೂರಿನ ಗುಡಿಯೇ ಸಾಕ್ಷಿ, ಅದರಲ್ಲಿ ಅನುಮಾನವಿಲ್ಲ. ಆದರೆ 'ಬಿಟ್ಟು' ಎಂಬ ಮಾತು ನಿಲ್ಲುವುದಿಲ್ಲ. ಬೇಲೂರಿನ ಪ್ರತಿಷ್ಠೆಯಾಗಿ ಹದಿನಾರು ವರ್ಷದ ಮೇಲೆ ತನ್ನ ಗೆಲುವಿನ ಹೆಸರನ್ನು ಜಿನನಿಗೂ ಮಗನಿಗೂ ಹಂಚಿದವನು ಅವನೇ. ಮತಾಂತರ ಎಂಬ ಶೀರ್ಷಿಕೆ ಹಾಕಬೇಡಿ.

ಶಾಂತಲೆಯ ಬಗ್ಗೆ ಕಲ್ಲು ಹೇಳುವುದನ್ನು ಮೊದಲು ಹೇಳುತ್ತೇನೆ. ತಂದೆ ಮಾರಸಿಂಗಯ್ಯ, ಶೈವ. ತಾಯಿ ಮಾಚಿಕಬ್ಬೆ, ಜೈನಳು. ಶಾಂತಲೆ ತಾಯಿಯ ದಾರಿ ಹಿಡಿದವಳು, ಗುರು ಪ್ರಭಾಚಂದ್ರ ಸಿದ್ಧಾಂತದೇವ. ಆದರೂ ಬೇಲೂರಿನಲ್ಲಿ ಚೆನ್ನಕೇಶವನ ಪಕ್ಕದಲ್ಲೇ ಇರುವ ಕಪ್ಪೆ ಚೆನ್ನಿಗರಾಯನ ಗುಡಿ ಅವಳದ್ದು. ನೃತ್ಯ, ಸಂಗೀತಗಳಲ್ಲಿ ಅವಳ ಪ್ರಾವೀಣ್ಯವನ್ನು ಶಾಸನಗಳು ಹೊಗಳುತ್ತವೆ. 1123ರಲ್ಲಿ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಬಸದಿ ಕಟ್ಟಿಸಿ ಅದರ ಖರ್ಚಿಗೆ ಮೊಟ್ಟೆನವಿಲೆ ಎಂಬ ಊರನ್ನು ಬಿಟ್ಟಳು. ಬಸದಿಗೆ ತನ್ನ ಬಿರುದನ್ನೇ ಇಟ್ಟಳು: ಸವತಿಗಂಧವಾರಣ. ಸವತಿಯರ ಪಾಲಿಗೆ ಮದ್ದಾನೆ ಎಂದರ್ಥ.

ಸಾವಿನ ವಿಚಾರ. ಶಕ 1053, ವಿರೋಧಿಕೃತ್ ಸಂವತ್ಸರ, ಚೈತ್ರಮಾಸ, ಅಂದರೆ 1131ರಲ್ಲಿ ಶಿವಗಂಗೆಯಲ್ಲಿ ಅವಳು ಸ್ವರ್ಗಸ್ಥಳಾದಳು ಎಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಮಗಳಿಲ್ಲದ ಬದುಕು ಬೇಡವೆಂದು ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಒಂದು ತಿಂಗಳು ಉಪವಾಸವಿದ್ದು ಸಲ್ಲೇಖನದಿಂದ ಪ್ರಾಣಬಿಟ್ಟದ್ದೂ ಅದರಲ್ಲಿದೆ. ಬೆಟ್ಟದಿಂದ ಹಾರಿದ ಸುದ್ದಿ ಅದರಲ್ಲಿಲ್ಲ. ಮಕ್ಕಳಿಲ್ಲದ ಶಾಂತಲೆ, ರಾಜ ಇನ್ನೊಂದು ಮದುವೆಯಾಗಲಿ ಎಂದು ಪ್ರಾಣತ್ಯಾಗ ಮಾಡಿದಳು ಎಂಬ ಕಥೆಗೆ ಅವಳ ಬಿರುದೇ ಎದುರು ಸಾಕ್ಷಿ ನುಡಿಯುತ್ತದೆ: ಸವತಿಯರೇ ಇಲ್ಲದಿದ್ದರೆ 1123ರಲ್ಲಿ ಅವಳು ಸವತಿಗಂಧವಾರಣ ಆಗುವುದು ಹೇಗೆ? ರಾಜನಿಗೆ ಆಗಲೇ ಬೇರೆ ರಾಣಿಯರಿದ್ದರು. ಅವಳು ತೀರಿಕೊಂಡ ಎರಡು ವರ್ಷಕ್ಕೆ ಲಕ್ಷ್ಮೀದೇವಿಗೆ ನರಸಿಂಹ ಹುಟ್ಟಿದ್ದು ಈ ಕಥೆ ಬೆಳೆಯಲು ನೀರು ಗೊಬ್ಬರ ಆಗಿರಬೇಕು. ಶಿವಗಂಗೆಯಲ್ಲಿ ತೋರಿಸುವ ಶಾಂತಲಾ ಡ್ರಾಪ್ ಸ್ಥಳಪುರಾಣ. ಪಟದಲ್ಲಿ 'ಐತಿಹ್ಯ' ಎಂದು ಬೇರೆ ಬಣ್ಣದಲ್ಲಿ ಬರೆಯಬಹುದು.

ರಾಣಿಯರ ಸಾಲಿನಲ್ಲಿ ಒಂದನೆಯ ಬಲ್ಲಾಳನ ಮೂವರನ್ನು ಮರೆಯಬೇಡಿ: ಪದ್ಮಲದೇವಿ, ಚಾವಲದೇವಿ, ಬೊಪ್ಪದೇವಿ. ಮೂವರೂ ಮರಿಯಾನೆ ದಂಡನಾಯಕನ ಮಕ್ಕಳು, 1103ರಲ್ಲಿ ಒಂದೇ ಚಪ್ಪರದಡಿ ಮದುವೆ. ಮೊಲೆಹಾಲಿನ ಋಣವೆಂದು ಸಿಂದಗೆರೆಯ ಒಡೆತನವನ್ನು ರಾಜ ಮಾವನಿಗೆ ಮತ್ತೆ ಬರೆದುಕೊಟ್ಟ. ದಂಡನಾಯಕರ ಮನೆತನಕ್ಕೂ ಅರಮನೆಗೂ ಇದ್ದ ಸಂಬಂಧ ಸಂಬಳದ್ದಷ್ಟೇ ಅಲ್ಲ, ನೆಂಟಸ್ತಿಕೆಯದು ಎಂಬುದು ಇದರಿಂದ ಗೊತ್ತಾಗುತ್ತದೆ.

ರಾಜರ ಆಚೆಗಿನ ಪಟ್ಟಿ ಇಲ್ಲಿಂದ ಶುರುವಾಗಲಿ. ನನ್ನ ಕೇಳಿದರೆ ಹೊಯ್ಸಳರ ಪಟ್ಟಿಯಲ್ಲಿ ರಾಜರಷ್ಟೇ ಜಾಗವನ್ನು ದಂಡನಾಯಕರಿಗೂ ಕೊಡಬೇಕು. ತಲಕಾಡನ್ನು ಚೋಳರ ಕೈಯಿಂದ ಬಿಡಿಸಿದ ದಂಡಿನ ಮುಂದೆ ಇದ್ದವನು ಗಂಗರಾಜ. 1118ರಲ್ಲಿ ಕಣ್ಣೆಗಾಲದಲ್ಲಿ ಚಾಲುಕ್ಯರ ಸೈನ್ಯದ ಮೇಲೆ ರಾತ್ರಿ ಬಿದ್ದು ಚದುರಿಸಿದವನೂ ಅವನೇ. ರಾಜ ಏನು ಬೇಕೆಂದರೂ ಊರನ್ನು ಕೇಳಿ ಬಸದಿಗೆ ಬಿಡುತ್ತಿದ್ದ. ಗಂಗವಾಡಿಯನ್ನು ಕೊಪಣದಂತೆ ಮಾಡಿದ ಎಂದು ಶಾಸನಗಳ ಹೊಗಳಿಕೆ, ಕೊಪಣ ಎಂದರೆ ಜೈನರ ಹಳೆಯ ಪುಣ್ಯಕ್ಷೇತ್ರವಾದ ಇಂದಿನ ಕೊಪ್ಪಳ. ಗೊಮ್ಮಟನ ಸುತ್ತಲಿನ ಸುತ್ತಾಲಯ ಇವನದು, ವಿಗ್ರಹದ ಕಾಲ ಬಳಿಯ ಬರಹದಲ್ಲಿ ಹೆಸರಿದೆ. ಎಚ್ಚರ: ಹೆಸರು ನೋಡಿ ಇವನನ್ನು ತಲಕಾಡಿನ ಗಂಗರ ರಾಜ ಎಂದುಕೊಳ್ಳುವವರಿದ್ದಾರೆ. ವಿಗ್ರಹ ಮಾಡಿಸಿದ ಚಾವುಂಡರಾಯ ಗಂಗರ ಮಂತ್ರಿ, 10ನೆಯ ಶತಮಾನದವನು; ಸುತ್ತಾಲಯ ಮಾಡಿಸಿದ ಗಂಗರಾಜ ಹೊಯ್ಸಳರ ದಂಡನಾಯಕ. ನಡುವೆ ನೂರಕ್ಕೂ ಹೆಚ್ಚು ವರ್ಷ.

ಪುಣಿಸಮಯ್ಯನ ಹೆಸರು ಪಠ್ಯಪುಸ್ತಕಗಳಲ್ಲಿ ಅಪರೂಪ. ಚಾಮರಾಜನಗರದ 1117ರ ಶಾಸನದಲ್ಲಿ ಇವನು ನೀಲಗಿರಿ ಹತ್ತಿ ಅಲ್ಲಿನ ಬುಡಕಟ್ಟಿನವರಾದ ತೊದವರನ್ನು ಬೆದರಿಸಿದ ಮಾತಿದೆ. ಅದಕ್ಕಿಂತ ಹಿಡಿಸುವುದು ಅದೇ ಶಾಸನದ ಇನ್ನೊಂದು ಮಾತು: ಬಂಡವಾಳ ಕಳೆದುಕೊಂಡ ವ್ಯಾಪಾರಿಗೆ, ಬಿತ್ತನೆ ಬೀಜವಿಲ್ಲದ ಒಕ್ಕಲಿಗೆ, ಅಧಿಕಾರ ಹೋದ ಬೇಡರ ನಾಯಕನಿಗೆ ಅವರವರು ಕಳೆದುಕೊಂಡದ್ದನ್ನು ಕೊಡಿಸಿದ ಎಂದು. ಯುದ್ಧ ಮುಗಿದ ಊರಿನಲ್ಲಿ ಏನೇನು ಹಾಳಾಗಿರುತ್ತದೆ ಎಂಬುದರ ಪಟ್ಟಿಯಂತಿದೆ ಅದು.

ಹುಳ್ಳ ಮೂರು ರಾಜರ ಕೆಳಗೆ, ವಿಷ್ಣುವರ್ಧನನಿಂದ ಇಮ್ಮಡಿ ಬಲ್ಲಾಳನವರೆಗೆ, ಕೆಲಸ ಮಾಡಿದ ಭಂಡಾರಿ. ಶ್ರವಣಬೆಳಗೊಳದ ಊರೊಳಗಿನ ಭಂಡಾರ ಬಸದಿಯನ್ನು 1159ರಲ್ಲಿ ಕಟ್ಟಿಸಿದ. ನರಸಿಂಹ ಬಂದು ಅದಕ್ಕೆ 'ಭವ್ಯಚೂಡಾಮಣಿ' ಎಂದು ಹೆಸರಿಟ್ಟು ಸವಣೇರು ಎಂಬ ಊರನ್ನು ಕೊಟ್ಟ. ಶ್ರವಣಬೆಳಗೊಳದಲ್ಲೇ ಇರುವ ಅಕ್ಕನ ಬಸದಿ 1181ರದು. ಕಟ್ಟಿಸಿದ ಆಚಿಯಕ್ಕನ ಗಂಡ ಚಂದ್ರಮೌಳಿ ಇಮ್ಮಡಿ ಬಲ್ಲಾಳನ ಮಂತ್ರಿ, ಶೈವ ಬ್ರಾಹ್ಮಣ. ಹೆಂಡತಿಯ ಬಸದಿಗೆ ರಾಜನಿಂದ ಊರು ಕೇಳಿ ಕೊಡಿಸಿದವನು ಅವನೇ. ಹಳೇಬೀಡಿನ ಹೊಯ್ಸಳೇಶ್ವರ ಕೂಡ ರಾಜ ಸ್ವತಃ ಕಟ್ಟಿಸಿದ್ದಲ್ಲ, 1121ರ ಸುಮಾರಿಗೆ ಕೇತಮಲ್ಲ ಎಂಬ ಅಧಿಕಾರಿ ಕಟ್ಟಿಸಿದ್ದು. ಗುಡಿಯ ಹೆಸರು ರಾಜನದು, ಜೋಡಿ ಗರ್ಭಗುಡಿ ಶಾಂತಲೇಶ್ವರ. ಪಟದಲ್ಲಿ 'ಕಟ್ಟಿಸಿದವರು' ಎಂಬ ಕಲಂ ಇದ್ದರೆ ಅಲ್ಲಿ ಕೇತಮಲ್ಲನ ಹೆಸರು ಬರಬೇಕು.

ಹೊಯ್ಸಳೇಶ್ವರನ ಆವರಣದಲ್ಲೇ ಒಂದು ಕಂಬವಿದೆ, ಪ್ರವಾಸಿಗರು ನೋಡದೆ ದಾಟಿಹೋಗುತ್ತಾರೆ. ಅದು ಕುವರಲಕ್ಷ್ಮನ ಗರುಡಗಂಬ. ಗರುಡ ಎಂದರೆ ರಾಜ ಸತ್ತಾಗ ತಾನೂ ಸಾಯುತ್ತೇನೆಂದು ಆಣೆಯಿಟ್ಟ ಯೋಧ. 1220ರಲ್ಲಿ ಇಮ್ಮಡಿ ಬಲ್ಲಾಳ ತೀರಿಕೊಂಡಾಗ ಕುವರಲಕ್ಷ್ಮ, ಹೆಂಡತಿ ಸುಗ್ಗಲದೇವಿ, ಜೊತೆಯ ಯೋಧರು ಪ್ರಾಣ ಕೊಟ್ಟರು. ಕಂಬದ ಮೇಲೆ ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುವ ಆಕೃತಿಗಳನ್ನು ಕೆತ್ತಿದ್ದಾರೆ. ಕೆ.ಆರ್. ಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಯ ಕಂಬಗಳಲ್ಲಿ ಒಂದೇ ಮನೆತನ ಪೀಳಿಗೆಯಿಂದ ಪೀಳಿಗೆಗೆ, ರಾಜನಿಂದ ರಾಜನಿಗೆ ಹೀಗೆ ಸತ್ತ ಲೆಕ್ಕವಿದೆ. ಎಂಟನೆಯ ತರಗತಿಯೊಳಗಿನ ಮಗುವಾದರೆ ಈ ಭಾಗವನ್ನು ಎಷ್ಟು ಬರೆಯಬೇಕೆಂದು ನೀವೇ ನಿರ್ಧರಿಸಿ.

ಜಕಣಾಚಾರಿ ಹೊಯ್ಸಳರ ಯಾವ ಶಾಸನದಲ್ಲೂ ಇಲ್ಲ. ಕೈದಾಳ, ಡಂಕಣ, ಕಪ್ಪೆ ಇದ್ದ ವಿಗ್ರಹದ ಕಥೆ ಜನರ ಬಾಯಲ್ಲಿ ಬೆಳೆದದ್ದು. ಅದರ ನಷ್ಟ ಏನೆಂದರೆ, ಹೆಸರು ಕೆತ್ತಿ ಹೋದ ನಿಜವಾದ ಶಿಲ್ಪಿಗಳು ಮರೆಯಾದರು. ಬೇಲೂರಿನ ಮದನಿಕೆಯರ ಪೀಠ ನೋಡಿ: ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಹೆಸರು ಹಾಕಿದ್ದಾರೆ. ಬಳ್ಳಿಗಾವೆ ಇಂದಿನ ಶಿಕಾರಿಪುರ ತಾಲ್ಲೂಕಿನ ಊರು. ಇನ್ನೊಬ್ಬ ಮಲ್ಲಿತಮ್ಮ, 1196ರ ಅಮೃತಾಪುರ, ನುಗ್ಗೇಹಳ್ಳಿ, ಸೋಮನಾಥಪುರಗಳಲ್ಲಿ ಈ ಹೆಸರಿದೆ. ಅಂದರೆ ಅರವತ್ತು ವರ್ಷಕ್ಕೂ ಮೀರಿದ ದುಡಿಮೆ. ಹುಡುಗನಾಗಿದ್ದಾಗಲೇ ಉಳಿ ಹಿಡಿದನೆಂದರೆ ಆಗಬಹುದಾದ ಮಾತೇ. ನುಗ್ಗೇಹಳ್ಳಿಯಲ್ಲಿ ಗುಡಿಯ ಉತ್ತರದ ಗೋಡೆ ಮಲ್ಲಿತಮ್ಮನದು, ದಕ್ಷಿಣದ್ದು ಬೈಚೋಜನದು. ಎರಡೂ ಕಡೆ ಸುತ್ತು ಹಾಕಿ ಇಬ್ಬರ ಕೈಚಳಕವನ್ನು ಹೋಲಿಸಬಹುದು. ಬರಹ ಹುಡುಕಬೇಕಾದದ್ದು ವಿಗ್ರಹದ ಪಾದದ ಕೆಳಗಿನ ಪಟ್ಟಿಯಲ್ಲಿ. ಬೆಳಗ್ಗೆ ಇಲ್ಲವೇ ಇಳಿಹೊತ್ತಿನ ಓರೆ ಬಿಸಿಲಿನಲ್ಲಿ ಅಕ್ಷರದ ನೆರಳು ಎದ್ದು ಕಾಣುತ್ತದೆ, ನಡುಮಧ್ಯಾಹ್ನ ಏನೂ ಓದಲಾಗದು. ಕಲ್ಲಿಗೆ ಸೀಮೆಸುಣ್ಣ, ಎಣ್ಣೆ ಹಚ್ಚಬೇಡಿ.

ಕವಿಗಳಲ್ಲಿ ಜನ್ನ ಒಬ್ಬನಿದ್ದರೂ ಸಾಕು, ಏಕೆಂದರೆ ಇಮ್ಮಡಿ ಬಲ್ಲಾಳನಿಂದ 'ಕವಿಚಕ್ರವರ್ತಿ' ಬಿರುದು ಪಡೆದ ಅವನು ಶಾಸನಕವಿಯೂ ಹೌದು. ಅಮೃತಾಪುರದ ಕಲ್ಲಿನ ಪದ್ಯಗಳು ಅವನವು. ಜಾಗವಿದ್ದರೆ ಅವನ ಸೋದರಳಿಯ ಕೇಶಿರಾಜನನ್ನು ಸೇರಿಸಿ, ಹಳಗನ್ನಡದ ವ್ಯಾಕರಣ ಬರೆದವನು.

ದಕ್ಷಿಣದ ಕಡೆ ಒಂದು ಘಟನೆ ಸಾಕು. 1231ರಲ್ಲಿ ಚೋಳರ ಮುಮ್ಮಡಿ ರಾಜರಾಜನನ್ನು ಅವನ ಸಾಮಂತ ಕೋಪ್ಪೆರುಂಜಿಂಗ ಸೇಂದಮಂಗಲದಲ್ಲಿ ಸೆರೆಯಿಟ್ಟ. ಇಮ್ಮಡಿ ನರಸಿಂಹ ಕಳುಹಿಸಿದ ಅಪ್ಪಣ್ಣ, ಸಮುದ್ರ ಗೋಪಯ್ಯ ಎಂಬ ದಂಡನಾಯಕರು ದಾರಿಯುದ್ದಕ್ಕೂ ಊರುಗಳನ್ನು ಸುಟ್ಟುಕೊಂಡು ಹೋಗಿ ಬಿಡಿಸಿದರು. ತಿರುವೇಂದಿಪುರದ ತಮಿಳು ಶಾಸನದಲ್ಲಿ ಇದರ ವಿವರವಿದೆ. 'ಚೋಳರಾಜ್ಯ ಪ್ರತಿಷ್ಠಾಚಾರ್ಯ' ಎಂಬ ಬಿರುದನ್ನು ಉಳಿಸಿಕೊಂಡದ್ದು ಹೀಗೆ. ನರಸಿಂಹನ ಮಗ ಸೋಮೇಶ್ವರ ಶ್ರೀರಂಗದ ಹತ್ತಿರದ ಕಣ್ಣನೂರಿನಲ್ಲೇ ನೆಲೆಸಿದ್ದರಿಂದ ಮುಂದೆ ರಾಜ್ಯ ಪಾಲಾಯಿತು.

ಎರಡೂ ಪಾಲನ್ನು ಮತ್ತೆ ಕೂಡಿಸಿದ ಮುಮ್ಮಡಿ ಬಲ್ಲಾಳನಿಗೆ ಪಟದಲ್ಲಿ ಸ್ವಲ್ಪ ಹೆಚ್ಚು ಜಾಗ ಇಡಿ. 1311ರಲ್ಲಿ ದೆಹಲಿಯ ಸೇನಾಪತಿ ಮಲಿಕ್ ಕಾಫರ್ ದೋರಸಮುದ್ರದ ಮೇಲೆ ಬಂದಾಗ ಬಲ್ಲಾಳ ಪಾಂಡ್ಯರ ಅಣ್ಣತಮ್ಮಂದಿರ ಜಗಳದಲ್ಲಿ ಲಾಭ ನೋಡಲು ತಮಿಳುನಾಡಿಗೆ ಹೋಗಿದ್ದ. ಓಡಿಬಂದು ಸಂಧಿ ಮಾಡಿಕೊಂಡು ಮಗ ವಿರೂಪಾಕ್ಷನನ್ನು ದೆಹಲಿಗೆ ಕಳುಹಿಸಿದ. 1313ರಲ್ಲಿ ಮಗ ಹಿಂದಿರುಗಿದ ಸಂತೋಷಕ್ಕೆ ದಾನ ಕೊಟ್ಟ ಶಾಸನವಿದೆ. ಮುಂದೆ ತುಘಲಕನ ಸೈನ್ಯ ಬಂದ ಮೇಲೆ ತಿರುವಣ್ಣಾಮಲೈಯಿಂದ ಆಳಿದ. ಮಧುರೆಯ ಸುಲ್ತಾನನ ಮೇಲೆ ಯುದ್ಧಕ್ಕೆ ಹೋಗಿ 1342ರಲ್ಲಿ ಕಣ್ಣನೂರಿನ ಬಳಿ ಸೆರೆಸಿಕ್ಕು ಸತ್ತ. ಆಮೇಲೆ ಆ ಕಡೆ ಬಂದ ಪ್ರವಾಸಿ ಇಬ್ನ್ ಬತೂತಾ ಅವನ ವಯಸ್ಸು ಎಂಬತ್ತು ಎನ್ನುತ್ತಾನೆ. ಕೊಂದು, ಚರ್ಮಕ್ಕೆ ಹುಲ್ಲು ತುಂಬಿ ಮಧುರೆಯ ಕೋಟೆಗೋಡೆಗೆ ನೇತುಹಾಕಿದ್ದರೆಂದು ಬರೆದಿದ್ದಾನೆ.

ನಾಲ್ಕನೆಯ ಬಲ್ಲಾಳನ ಪೆಟ್ಟಿಗೆಯನ್ನು ಚಿಕ್ಕದಾಗಿ ಬಿಡಿಸಿ, ಒಳಗೆ '1313ರಲ್ಲಿ ದೆಹಲಿಯಿಂದ ಮರಳಿದ ವಿರೂಪಾಕ್ಷ' ಎಂದು ಬರೆಯಿರಿ. ಇವನು ಬೇರೆ, ಆ ರಾಜಕುಮಾರ ಬೇರೆ ಎಂದುಕೊಂಡು ಎರಡು ಪೆಟ್ಟಿಗೆ ಹಾಕುವ ತಪ್ಪು ತಪ್ಪುತ್ತದೆ.